ಎಂಟು, ಒಂಬತ್ತನೇ ತಿಂಗಳಲ್ಲಿ ಮೀನೆಣ್ಣೆ ಗುಳಿಗೆ: ನುಂಗುವ ಮೊದಲು ನೋಡಬೇಕಾದ್ದು

ಮುಂಬಯಿ ಬಳಿಯ ಡೊಂಬಿವಿಲಿಯ ಔಷಧ ಅಂಗಡಿಯ ಕೌಂಟರಿನಲ್ಲಿ ನಿಲ್ಲುವ ನನಗೆ ನಮ್ಮ ಕನ್ನಡದ ಮನೆಯವರು ಬಸುರಿಯರ ಬಗ್ಗೆ ಕೇಳುವ ಪ್ರಶ್ನೆಗಳಲ್ಲಿ ಮೀನೆಣ್ಣೆಯದ್ದು ತಪ್ಪುವುದೇ ಇಲ್ಲ. ಕೇಳುವವರು ಹೆಚ್ಚಾಗಿ ಗಂಡಂದಿರು. ಕೈಯಲ್ಲಿ ಬಾಟಲಿ, ಫೋನಿನ ಆ ತುದಿಯಲ್ಲಿ ಅತ್ತೆಯೋ ಅಮ್ಮನೋ. "ಎಂಟನೇ ತಿಂಗಳು ನಡೆಯುತ್ತಿದೆ, ಮುಂದುವರಿಸಬಹುದೇ? ರಕ್ತ ತೆಳುವಾಗಿ ಹೆರಿಗೆಯಲ್ಲಿ ಜಾಸ್ತಿ ಹೋಗುತ್ತದಂತೆ, ನಿಜವೇ?" ಪುಣೆಯಿಂದ, ವಾಸ್ಕೋದಿಂದ ಫೋನ್ ಮಾಡುವ ನೆಂಟರದ್ದೂ ಇದೇ ಪ್ರಶ್ನೆ.

ಮೊದಲಿಗೆ ಉತ್ತರ ಹೇಳಿಬಿಡುತ್ತೇನೆ. ಗರ್ಭಿಣಿಯರಿಗೆಂದೇ ಬರುವ ಸಾಮಾನ್ಯ ಪ್ರಮಾಣದ ಮೀನೆಣ್ಣೆ ಕೊನೆಯ ತಿಂಗಳುಗಳಲ್ಲಿ ಹೆಚ್ಚಿನವರಿಗೆ ಅಪಾಯಕಾರಿಯಲ್ಲ. ಅಪಾಯ ಹುಟ್ಟುವುದು ತಪ್ಪು ಎಣ್ಣೆಯಿಂದ, ಲೆಕ್ಕ ತಪ್ಪಿದ ಪ್ರಮಾಣದಿಂದ, ಜೊತೆಗೆ ನಡೆಯುತ್ತಿರುವ ಬೇರೆ ಮದ್ದಿನಿಂದ. ಆದ್ದರಿಂದ "ಮೀನೆಣ್ಣೆ ಒಳ್ಳೆಯದೇ?" ಎಂದು ಕೇಳುವುದಕ್ಕಿಂತ "ಈ ಬಾಟಲಿ, ಈ ಪ್ರಮಾಣದಲ್ಲಿ, ನನಗೆ ಸರಿಯೇ?" ಎಂದು ಕೇಳಿ. ಆ ಪ್ರಶ್ನೆಗೆ ಕೊನೆಯ ಮಾತು ನಿಮ್ಮನ್ನು ನೋಡುತ್ತಿರುವ ಹೆರಿಗೆ ವೈದ್ಯರದ್ದೇ. ಅವರ ಮುಂದೆ ಸರಿಯಾದ ವಿವರ ಇಡಲು ಈ ಲೇಖನ.

ಓದುವ ಮೊದಲು ನಾಲ್ಕು ವಸ್ತುಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ: ಮೀನೆಣ್ಣೆಯ ಬಾಟಲಿ ಅಥವಾ ಸ್ಟ್ರಿಪ್, ಈಗ ತೆಗೆದುಕೊಳ್ಳುತ್ತಿರುವ ಉಳಿದೆಲ್ಲ ಗುಳಿಗೆಗಳು, ಆಸ್ಪತ್ರೆಯ ಕೇಸ್ ಪೇಪರ್, ಕೊನೆಯ ರಕ್ತ ಪರೀಕ್ಷೆ ಮತ್ತು ಸೋನೋಗ್ರಫಿಯ ವರದಿಗಳು.

1. ನಿಮಗೆ ಇದು ಬೇಕೇ ಎಂದು ನೋಡಿ

ಮೀನೆಣ್ಣೆಯಲ್ಲಿ ನಮಗೆ ಬೇಕಾದದ್ದು ಒಮೆಗಾ-3 ಎಂಬ ಕೊಬ್ಬಿನ ಗುಂಪು. ಅದರಲ್ಲಿ ಎರಡು ಹೆಸರು ನೆನಪಿರಲಿ. ಡಿಎಚ್‌ಎ ಎಂಬುದು ಮಗುವಿನ ಮಿದುಳು ಮತ್ತು ಕಣ್ಣಿನ ಅಕ್ಷಿಪಟಲದಲ್ಲಿ ಸೇರುವ ಕೊಬ್ಬು. ಕೊನೆಯ ಮೂರು ತಿಂಗಳಲ್ಲಿ ಮಗು ಅದನ್ನು ತಾಯಿಯಿಂದ ಹೆಚ್ಚಾಗಿ ಎಳೆದುಕೊಳ್ಳುತ್ತದೆ. ಇಪಿಎ ಅದರ ಜೊತೆಗೇ ಮೀನಿನಲ್ಲಿರುವ ಇನ್ನೊಂದು ಕೊಬ್ಬು. ರಕ್ತದ ಪ್ಲೇಟ್‌ಲೆಟ್‌ಗಳು, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಿರುಕಣಗಳು, ಒಂದಕ್ಕೊಂದು ಅಂಟುವುದನ್ನು ಅದು ಕೊಂಚ ತಗ್ಗಿಸುತ್ತದೆ. "ರಕ್ತ ತೆಳುವಾಗುತ್ತದೆ" ಎಂಬ ಮಾತಿನ ಮೂಲ ಇದೇ.

ಗರ್ಭಿಣಿಗೆ ದಿನಕ್ಕೆ ಕನಿಷ್ಠ 200 ಮಿಲಿಗ್ರಾಂ ಡಿಎಚ್‌ಎ ಸಿಗಬೇಕು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ವಾರಕ್ಕೆ 1,400 ಮಿಲಿಗ್ರಾಂ ಆಯಿತು. ವಾರದಲ್ಲಿ ಎರಡು ಮೂರು ಸಲ ಬಂಗುಡೆ, ಬೂತಾಯಿಯಂಥ ಎಣ್ಣೆಮೀನು ಉಣ್ಣುವ ಮನೆಗೆ ಇದು ದೊಡ್ಡ ಗುರಿಯಲ್ಲ. ಇಲ್ಲಿನ ಮಾರುಕಟ್ಟೆಯಲ್ಲಿ ಕೋಳಿ ಎಂಬ ಬೆಸ್ತರ ಸಮುದಾಯದ ಮೀನುಗಾರ್ತಿಯರ ಬುಟ್ಟಿಯಲ್ಲಿ ಬಾಂಗಡಾ, ತಾರ್ಲಿ ಎಂದು ಕರೆಸಿಕೊಳ್ಳುವುದು ಇವೇ. ಪಾಪ್ಲೆಟ್‌ಗೆ ಕೊಡುವ ದುಡ್ಡಿನ ಸಣ್ಣ ಪಾಲಿಗೆ ಇವು ಸಿಗುತ್ತವೆ, ಆದರೂ ಬಸುರಿಗೆಂದಾಗ ನಮ್ಮವರ ಕೈ ಪಾಪ್ಲೆಟ್‌ಗೇ ಹೋಗುವುದು ನನಗೆ ಇನ್ನೂ ಅರ್ಥವಾಗಿಲ್ಲ. ರವೆ ಹಚ್ಚಿ ಕರಿಯುವುದಕ್ಕಿಂತ ಸಾರು ಅಥವಾ ಪುಳಿಮುಂಚಿ ಮಾಡಿದರೆ ಮೀನಿನ ಎಣ್ಣೆ ಬಾಣಲೆಗೆ ಹೋಗದೆ ತಟ್ಟೆಯಲ್ಲೇ ಉಳಿಯುತ್ತದೆ.

ಎಚ್ಚರಿಕೆ: ಮೋರಿ, ಅಂದರೆ ಶಾರ್ಕ್, ಬೇಡ. ದೊಡ್ಡ ಬೇಟೆಮೀನುಗಳಲ್ಲಿ ಪಾದರಸ ಸೇರಿಕೊಂಡಿರುತ್ತದೆ. ಅದು ಮಗುವಿನ ನರಗಳಿಗೆ ಕೆಟ್ಟದ್ದು. ದೊಡ್ಡ ಸುರಮಯಿ (ಅಂಜಲ್), ಟ್ಯೂನಾ ಕೂಡ ಮೇಲಿಂದ ಮೇಲೆ ಬೇಡ. ಮೋರಿ ತಿಂದರೆ ಹಾಲು ಹೆಚ್ಚುತ್ತದೆಂದು ನಂಬುವ ಮನೆಗಳು ಕೊಂಕಣ ಕರಾವಳಿಯಲ್ಲಿವೆ. ಬಾಣಂತಿಗೂ ಅದನ್ನು ದೂರವಿಡುವುದು ಲೇಸು.

ಇನ್ನು ಸಸ್ಯಾಹಾರಿಗಳು. ಪುಣೆ, ಸೊಲ್ಲಾಪುರ ಕಡೆಯ ನಮ್ಮವರು ಅಗಸೆ ಚಟ್ನಿಪುಡಿ ತಿನ್ನುತ್ತೇವಲ್ಲ, ಸಾಲದೇ ಎನ್ನುತ್ತಾರೆ. ಅಗಸೆ, ಅಕ್ರೋಟಿನಲ್ಲಿ ಇರುವುದು ಎಎಲ್‌ಎ ಎಂಬ ಇನ್ನೊಂದು ಒಮೆಗಾ-3. ದೇಹ ಅದರಲ್ಲಿ ತೀರ ಸ್ವಲ್ಪವನ್ನಷ್ಟೇ ಡಿಎಚ್‌ಎ ಆಗಿ ಮಾರ್ಪಡಿಸುತ್ತದೆ. ಚಟ್ನಿ ಬಿಡಬೇಡಿ, ಆದರೆ ಅದನ್ನು ಡಿಎಚ್‌ಎ ಲೆಕ್ಕಕ್ಕೆ ಹಿಡಿಯಬೇಡಿ. ಪಾಚಿಯಿಂದ ತೆಗೆದ ಡಿಎಚ್‌ಎ ಗುಳಿಗೆಗಳು ಮೆಡಿಕಲ್‌ನಲ್ಲಿ ಸಿಗುತ್ತವೆ. ಮೀನಿಗೂ ಡಿಎಚ್‌ಎ ಬರುವುದು ಕೊನೆಗೆ ಪಾಚಿಯಿಂದಲೇ. ಹಸಿರು ಗುರುತು ನೋಡಿ ಕೊಳ್ಳಿ: ಒಳಗಿನ ಎಣ್ಣೆ ಪಾಚಿಯದ್ದಾದರೂ ಹೊರಗಿನ ಮೆತ್ತನೆಯ ಕೋಶ ಪ್ರಾಣಿಮೂಲದ ಜೆಲಾಟಿನ್ ಆಗಿರಬಹುದು.

2. ಅದು ಮೀನೆಣ್ಣೆಯೋ, ಮೀನಿನ ಪಿತ್ತಜನಕಾಂಗದ, ಅಂದರೆ ಲಿವರಿನ ಎಣ್ಣೆಯೋ?

ಇಲ್ಲಿ ಎಡವಿದರೆ ಮುಂದಿನದ್ದೆಲ್ಲ ವ್ಯರ್ಥ. ಕಾಡ್ ಲಿವರ್ ಆಯಿಲ್ ಬೇರೆ, ಫಿಶ್ ಆಯಿಲ್ ಬೇರೆ. ಮೊದಲನೆಯದು ಕಾಡ್ ಮೀನಿನ ಲಿವರಿನಿಂದ ತೆಗೆದದ್ದು, ಎರಡನೆಯದು ಮೀನಿನ ಮೈಯ ಕೊಬ್ಬಿನಿಂದ ತೆಗೆದದ್ದು. ಲಿವರ್ ಎಣ್ಣೆಯಲ್ಲಿ ರೆಟಿನಾಲ್ ರೂಪದ ಎ ಜೀವಸತ್ವ ದಂಡಿಯಾಗಿರುತ್ತದೆ. ಒಂದು ಟೀ ಚಮಚದಲ್ಲಿ ಸುಮಾರು 4,500 ಐಯು (ಜೀವಸತ್ವ ಅಳೆಯುವ ಅಂತರರಾಷ್ಟ್ರೀಯ ಮಾನ). ಗರ್ಭಿಣಿಯ ದಿನದ ಮಿತಿ 10,000 ಐಯು ಎಂದು ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿದೆ. ಎರಡು ಚಮಚ ಕುಡಿದು, ಜೊತೆಗೆ ಮಲ್ಟಿವಿಟಮಿನ್ ನುಂಗಿ, ಊಟಕ್ಕೆ ಕುರಿಯ ಲಿವರ್ ಉಂಡರೆ ಲೆಕ್ಕ ಎಲ್ಲಿಗೆ ಮುಟ್ಟುತ್ತದೆಂದು ನೀವೇ ನೋಡಿ.

ಎ ಜೀವಸತ್ವ ಅತಿಯಾದರೆ ಅಂಗವಿಕಲತೆಯ ಭಯ ಮುಖ್ಯವಾಗಿ ಮೊದಲ ತಿಂಗಳುಗಳದ್ದು. ಹಾಗಂತ ಎಂಟನೇ ತಿಂಗಳಲ್ಲಿ ಪರವಾಗಿಲ್ಲ ಎಂದಲ್ಲ. ಅದು ತಾಯಿಯ ಲಿವರಿನಲ್ಲಿ ಶೇಖರವಾಗುವ ಜೀವಸತ್ವ, ಮೂತ್ರದಲ್ಲಿ ಹೊರಹೋಗುವುದಿಲ್ಲ. ಗರ್ಭಿಣಿಯರು ಕಾಡ್ ಲಿವರ್ ಆಯಿಲ್ ತೆಗೆದುಕೊಳ್ಳಬಾರದು ಎಂಬುದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯ ಸ್ಪಷ್ಟ ಸಲಹೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಬಹಳ ಮನೆಗಳ ಗಂಡಸರು ದುಬೈ, ಮಸ್ಕತ್, ಕುವೈತ್‌ನಲ್ಲಿದ್ದಾರೆ. ಸೀಮಂತಕ್ಕೆ ಬರುವಾಗ ಸೂಟ್‌ಕೇಸಿನಲ್ಲಿ ಖರ್ಜೂರದ ಪಕ್ಕ ಹಳದಿ ಗುಳಿಗೆಗಳ ದೊಡ್ಡ ಬಾಟಲಿಯೂ ಬರುತ್ತದೆ. ಪ್ರೀತಿಯಿಂದ ತಂದದ್ದು, ಬೇಡವೆನ್ನಲು ಮನಸ್ಸಾಗುವುದಿಲ್ಲ. ಲಿವರ್ ಎಂಬ ಮಾತು ಎಲ್ಲಾದರೂ ಇದೆಯೇ, ವಿಟಮಿನ್ ಎ ಅಥವಾ ರೆಟಿನಾಲ್ ಎಂದು ಬರೆದಿದೆಯೇ ಎಂದು ಬಾಟಲಿ ತಿರುಗಿಸಿ ನೋಡಿ. ಇದ್ದರೆ ಅದನ್ನು ಮನೆಯಲ್ಲಿ ಬೇರೆ ಯಾರಾದರೂ ವೈದ್ಯರನ್ನು ಕೇಳಿಕೊಂಡು ಬಳಸಲಿ, ಬಸುರಿಗೆ ಬೇಡ.

3. ದೊಡ್ಡ ಅಕ್ಷರ ಬಿಟ್ಟು ಸಣ್ಣ ಅಕ್ಷರ ಓದಿ

ಬಾಟಲಿಯ ಮುಂದೆ "1000 ಮಿಲಿಗ್ರಾಂ" ಎಂದು ದಪ್ಪಗೆ ಬರೆದಿರುತ್ತದೆ. ಅದು ಎಣ್ಣೆಯ ತೂಕ, ಡಿಎಚ್‌ಎ ತೂಕವಲ್ಲ. ಸಾಮಾನ್ಯ ಮೀನೆಣ್ಣೆಯ 1000 ಮಿಲಿಗ್ರಾಂ ಗುಳಿಗೆಯೊಂದರಲ್ಲಿ ಹೆಚ್ಚಾಗಿ 180 ಮಿಲಿಗ್ರಾಂ ಇಪಿಎ, 120 ಮಿಲಿಗ್ರಾಂ ಡಿಎಚ್‌ಎ ಇರುತ್ತವೆ. ಉಳಿದ 700 ಬೇರೆ ಕೊಬ್ಬು. ಅಂದರೆ ಇಂಥ ಒಂದು ಗುಳಿಗೆಯಿಂದ ನಿಮ್ಮ 200 ತುಂಬುವುದಿಲ್ಲ, ತುಂಬಿಸಹೊರಟರೆ ಇಪಿಎ ಬೇಡದಷ್ಟು ಬರುತ್ತದೆ. ಗರ್ಭಿಣಿಯರಿಗೆಂದು ಮಾಡಿದ ಗುಳಿಗೆಗಳಲ್ಲಿ ಇದು ತಿರುಗುಮುರುಗು: ಡಿಎಚ್‌ಎ ಹೆಚ್ಚು, ಇಪಿಎ ಕಡಿಮೆ. ನೀವು ಹುಡುಕಬೇಕಾದ್ದು ಅದು.

ಹಿಂಬದಿಯ ಕೋಷ್ಟಕದಲ್ಲಿ ಹೀಗೆ ನೋಡುತ್ತಾ ಹೋಗಿ. ಮೊದಲು, ಕೊಟ್ಟಿರುವ ಅಂಕಿ ಒಂದು ಗುಳಿಗೆಯದ್ದೋ, ಎರಡರದ್ದೋ? "ಒಂದು ಸರ್ವಿಂಗ್" ಎಂದರೆ ಕೆಲವು ಬಾಟಲಿಗಳಲ್ಲಿ ಎರಡು ಗುಳಿಗೆ. ನಂತರ ಡಿಎಚ್‌ಎ ಎಷ್ಟು, ಇಪಿಎ ಎಷ್ಟು ಎಂದು ಬೇರೆ ಬೇರೆಯಾಗಿ ಬರೆದಿದೆಯೇ? "ಒಮೆಗಾ-3 ಇದೆ" ಎಂದಷ್ಟೇ ಹೇಳಿ ಅಂಕಿ ಕೊಡದ ಬಾಟಲಿಯನ್ನು ಅಲ್ಲೇ ಬಿಡಿ. ಹೆಸರಿನಲ್ಲಿ "3-6-9" ಇದ್ದರೆ ಅದೂ ಬೇಡ. ಒಮೆಗಾ-6 ನಮ್ಮ ಅಡುಗೆಯ ಸೂರ್ಯಕಾಂತಿ ಎಣ್ಣೆಯಲ್ಲೇ ಬೇಕಾದಷ್ಟಿದೆ, ಒಮೆಗಾ-9 ದೇಹ ತಾನೇ ತಯಾರಿಸಿಕೊಳ್ಳುತ್ತದೆ. ಆಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ. ಪಾದರಸ ಮುಂತಾದ ಭಾರಲೋಹಗಳ ಪರೀಕ್ಷೆ ಆಗಿದೆಯೆಂದು ತಯಾರಕರು ಹೇಳಿದ್ದರೆ ಇನ್ನೂ ಒಳ್ಳೆಯದು. ಶುದ್ಧೀಕರಿಸಿದ ಮೀನೆಣ್ಣೆಯಲ್ಲಿ ಪಾದರಸದ ಭಯ ಕಡಿಮೆ; ಪಾದರಸ ಸೇರಿಕೊಳ್ಳುವುದು ಮೀನಿನ ಮಾಂಸದಲ್ಲಿ, ಕೊಬ್ಬಿನಲ್ಲಿ ಅಲ್ಲ.

ಗರ್ಭಿಣಿಯರ ಪ್ರೋಟೀನ್ ಪುಡಿ, ಮಲ್ಟಿವಿಟಮಿನ್‌ಗಳಲ್ಲೂ ಈಗ ಡಿಎಚ್‌ಎ ಸೇರಿಸುತ್ತಾರೆ. ಅದನ್ನೂ ಕೂಡಿಸಿ. ಒಟ್ಟು ಎಷ್ಟಾಯಿತೆಂದು ಒಂದು ಚೀಟಿಯಲ್ಲಿ ಬರೆದು ಕೇಸ್ ಪೇಪರಿಗೆ ಪಿನ್ ಹಾಕಿ.

ಮಾವನಿಗೆ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಕೊಬ್ಬು, ಇಳಿಸಲೆಂದು ಹೃದಯದ ವೈದ್ಯರು ಕೊಟ್ಟಿರುವ ಒಮೆಗಾ ಗುಳಿಗೆಯನ್ನು ಸೊಸೆ ನುಂಗುವುದು ಬೇಡ. ಅದರ ಪ್ರಮಾಣವೇ ಬೇರೆ, ಉದ್ದೇಶವೇ ಬೇರೆ.

4. ಇವರು ವೈದ್ಯರನ್ನು ಕೇಳದೆ ಮುಟ್ಟಬಾರದು

ರಕ್ತಸ್ರಾವದ ಭಯದ ಬಗ್ಗೆ ಈಗ ಮಾತಾಡೋಣ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2012ರಲ್ಲಿ, ವಯಸ್ಕರು ದಿನಕ್ಕೆ 5 ಗ್ರಾಂವರೆಗೆ ಇಪಿಎ, ಡಿಎಚ್‌ಎ ಸೇರಿಸಿ ತೆಗೆದುಕೊಂಡರೂ ರಕ್ತಸ್ರಾವದ ಅಪಾಯ ಹೆಚ್ಚಿದಂತೆ ಕಾಣುವುದಿಲ್ಲ ಎಂದಿತು. ನಾವು ಮಾತಾಡುತ್ತಿರುವ 200, 300 ಮಿಲಿಗ್ರಾಂ ಅದರ ಹತ್ತನೇ ಒಂದು ಪಾಲೂ ಅಲ್ಲ. ಡೆನ್ಮಾರ್ಕಿನಲ್ಲಿ 1992ರಲ್ಲಿ ಪ್ರಕಟವಾದ ಹೆಸರಾಂತ ಪ್ರಯೋಗದಲ್ಲಿ 30ನೇ ವಾರದಿಂದ ದಿನಕ್ಕೆ 2.7 ಗ್ರಾಂ ಒಮೆಗಾ-3 ಕೊಟ್ಟಿದ್ದರು. ಹೆರಿಗೆಯ ಹಾದಿಗೆ ಅದರಿಂದ ಕೇಡಾಗಲಿಲ್ಲ. ಹಾಗಾಗಿ ಆರೋಗ್ಯವಾಗಿರುವ ಬಸುರಿ ಸಾಮಾನ್ಯ ಪ್ರಮಾಣದ ಗುಳಿಗೆಗೆ ಹೆದರಿ ನಿದ್ದೆಗೆಡಬೇಕಿಲ್ಲ. 5 ಗ್ರಾಂ ಎಂಬ ಅಂಕಿ ಎಲ್ಲ ವಯಸ್ಕರಿಗೆ ಹೇಳಿದ್ದು, ಗರ್ಭಿಣಿಗೆ ಕೊಟ್ಟ ಪರವಾನಗಿ ಅಲ್ಲ ಎಂಬುದೂ ನೆನಪಿರಲಿ.

ಆದರೆ ಈ ಕೆಳಗಿನವರ ಮಾತು ಬೇರೆ:

– ರಕ್ತದೊತ್ತಡ ಏರದಿರಲೆಂದು ಕಡಿಮೆ ಪ್ರಮಾಣದ ಆಸ್ಪಿರಿನ್ ನಡೆಯುತ್ತಿರುವವರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದು ಹಾಕಿಸಿಕೊಳ್ಳುತ್ತಿರುವವರು. ಆಸ್ಪಿರಿನ್ ಬಿಟ್ಟು ಮೀನೆಣ್ಣೆ ಉಳಿಸಿಕೊಳ್ಳುವ ಜಾಣತನ ಮಾತ್ರ ಬೇಡ. ಮುಖ್ಯವಾದದ್ದು ಆಸ್ಪಿರಿನ್, ಅದನ್ನು ನಿಲ್ಲಿಸುವ ವಾರವನ್ನು ಹೇಳಬೇಕಾದವರು ವೈದ್ಯರು.
– ರಕ್ತ ವರದಿಯಲ್ಲಿ ಪ್ಲೇಟ್‌ಲೆಟ್ ಕಡಿಮೆ ಬಂದವರು, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರು.
– ಸೋನೋಗ್ರಫಿಯಲ್ಲಿ ಮಾಸು (ಪ್ಲಾಸೆಂಟಾ) ಕೆಳಗಿದೆ ಎಂದು ಬರೆದಿರುವವರು, ಈ ಬಸಿರಿನಲ್ಲಿ ಒಮ್ಮೆಯಾದರೂ ರಕ್ತ ಕಂಡವರು.
– ಮೀನಿನ ಅಲರ್ಜಿ ಇರುವವರು. ಇವರು ಪಾಚಿಯ ಗುಳಿಗೆಯ ಬಗ್ಗೆ ಕೇಳಲಿ.

ಇನ್ನೊಂದು ಮಾತು. ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ಪ್ರಿ-ಎಕ್ಲಾಂಪ್ಸಿಯಾ ತೊಂದರೆಗೆ ಮೀನೆಣ್ಣೆ ಮದ್ದಲ್ಲ. ಕಬ್ಬಿಣ, ಕ್ಯಾಲ್ಸಿಯಂಗೂ ಅದು ಬದಲಿಯಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ 60 ಮಿಲಿಗ್ರಾಂ ಕಬ್ಬಿಣದ ಗುಳಿಗೆಯನ್ನು ಮಲ ಕಪ್ಪಾಗುತ್ತದೆಂದು ಮೂಲೆಗಿಟ್ಟು ದುಬಾರಿ ಒಮೆಗಾ ಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ದುಡ್ಡು ಒಂದಕ್ಕೇ ಇದ್ದರೆ ಹಿಮೋಗ್ಲೋಬಿನ್ ಮೊದಲು.

5. ವಾರ ಎಣಿಸಿ

ಕೊನೆಯ ತಿಂಗಳಲ್ಲಿ ನಿಜವಾಗಿ ಯೋಚಿಸಬೇಕಾದ್ದು ರಕ್ತದ ಬಗ್ಗೆ ಅಲ್ಲ, ದಿನಾಂಕದ ಬಗ್ಗೆ.

ಒಮೆಗಾ-3 ಬಸಿರನ್ನು ಕೊಂಚ ಲಂಬಿಸುತ್ತದೆ. ಮೇಲೆ ಹೇಳಿದ ಡೆನ್ಮಾರ್ಕಿನ ಪ್ರಯೋಗದಲ್ಲಿ ಆಲಿವ್ ಎಣ್ಣೆ ತೆಗೆದುಕೊಂಡವರಿಗಿಂತ ಮೀನೆಣ್ಣೆಯವರ ಹೆರಿಗೆ ಸರಾಸರಿ ನಾಲ್ಕು ದಿನ ತಡವಾಯಿತು. ತಿಂಗಳು ತುಂಬದೆ ಹುಟ್ಟುವ ಭಯ ಇರುವವರಿಗೆ ಇದು ವರ. ಕೊಕ್ರೇನ್ ಸಂಸ್ಥೆ 2018ರಲ್ಲಿ 70 ಪ್ರಯೋಗಗಳನ್ನು, ಸುಮಾರು 20,000 ಗರ್ಭಿಣಿಯರ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ, 34 ವಾರಕ್ಕಿಂತ ಮೊದಲೇ ಆಗುವ ಹೆರಿಗೆ ನೂರಕ್ಕೆ 4.6ರಿಂದ 2.7ಕ್ಕೆ ಇಳಿದಿತ್ತು. ಅದೇ ಲೆಕ್ಕದಲ್ಲಿ 42 ವಾರ ದಾಟುವ ಬಸಿರು ನೂರಕ್ಕೆ 1.6ರಿಂದ 2.6ಕ್ಕೆ ಏರಿತ್ತು. ದಿನ ಮೀರಿದರೆ ಮಾಸಿನ ಶಕ್ತಿ ಕುಂದಬಹುದು, ವೈದ್ಯರು ಇಂಡಕ್ಷನ್ ಮಾಡಬೇಕಾಗಬಹುದು, ಅಂದರೆ ಮದ್ದು ಕೊಟ್ಟು ಹೆರಿಗೆ ನೋವು ಬರಿಸುವುದು.

ಆಸ್ಟ್ರೇಲಿಯದ ಸಂಶೋಧಕರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು 2019ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗದಲ್ಲಿ 34ನೇ ವಾರಕ್ಕೆ ಗುಳಿಗೆ ನಿಲ್ಲಿಸಿದರು. ಅದರಲ್ಲಿ 5,500ರಷ್ಟು ಗರ್ಭಿಣಿಯರಿದ್ದರು, ದಿನಕ್ಕೆ ಕೊಟ್ಟದ್ದು 800 ಮಿಲಿಗ್ರಾಂ ಡಿಎಚ್‌ಎ. ಒಟ್ಟಾರೆಯಾಗಿ ಬೇಗ ಆಗುವ ಹೆರಿಗೆ ಕಡಿಮೆಯಾಗಲಿಲ್ಲ. ಮೊದಲೇ ಮೈಯಲ್ಲಿ ಒಮೆಗಾ-3 ಸಾಕಷ್ಟಿದ್ದವರಿಗೆ ಹೆಚ್ಚುವರಿ ಗುಳಿಗೆಯಿಂದ ಉಪಯೋಗವಂತೂ ಇಲ್ಲ, ಬದಲಿಗೆ ಬೇಗ ಹೆರಿಗೆಯಾಗುವ ಸಂಭವವೇ ಹೆಚ್ಚಬಹುದು ಎಂಬ ಸುಳಿವೂ ಸಿಕ್ಕಿತು. ದಿನಾ ಮೀನು ಉಣ್ಣುವ ಮನೆಯವರು ಇದನ್ನು ಎರಡು ಸಲ ಓದಿ.

ಇದರಿಂದ ನೀವು ಮಾಡಬೇಕಾದ್ದೇನು? 32ನೇ ವಾರದ ಭೇಟಿಯಲ್ಲಿ ವೈದ್ಯರನ್ನು ನೇರವಾಗಿ ಕೇಳಿ: "ಇಷ್ಟು ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದೇನೆ, ಇದನ್ನು ಯಾವ ವಾರದವರೆಗೆ ಮುಂದುವರಿಸಲಿ?" 200, 300 ಮಿಲಿಗ್ರಾಂ ಆದರೆ ಹೆರಿಗೆಯವರೆಗೂ ಇರಲಿ ಎನ್ನುವವರಿದ್ದಾರೆ, 34–36ಕ್ಕೆ ನಿಲ್ಲಿಸಿ ಎನ್ನುವವರೂ ಇದ್ದಾರೆ. ಎರಡಕ್ಕೂ ಕಾರಣಗಳಿವೆ. 800ರ ಆಸುಪಾಸಿನ ದೊಡ್ಡ ಪ್ರಮಾಣವನ್ನು ಮಾತ್ರ ಈ ಮಾತು ಕೇಳದೆ 34 ದಾಟಿಸಬೇಡಿ. ಹಿಂದಿನ ಹೆರಿಗೆ ದಿನ ಮೀರಿ ಆಗಿದ್ದರೆ ಅದನ್ನೂ ಹೇಳಿ.

ತಡವಾಗಿ ಎಚ್ಚೆತ್ತು 37ನೇ ವಾರದಲ್ಲಿ ಹೊಸದಾಗಿ ಶುರುಮಾಡಿ "ಬುದ್ಧಿವಂತ ಮಗು"ವಿಗಾಗಿ ಎರಡೆರಡು ನುಂಗುವುದರಲ್ಲಿ ಅರ್ಥವಿಲ್ಲ. ಗರ್ಭಿಣಿಗೆ ಹೆಚ್ಚು ಡಿಎಚ್‌ಎ ಕೊಟ್ಟರೆ ಮಗುವಿನ ಬುದ್ಧಿ ಏರುತ್ತದೆಂದು ದೊಡ್ಡ ಪ್ರಯೋಗಗಳು ತೋರಿಸಿಲ್ಲ, ಜಾಹೀರಾತು ಏನೇ ಹೇಳಲಿ.

6. ತೆಗೆದುಕೊಳ್ಳುವ ಬಗೆ

ಊಟದ ನಡುವೆ ಅಥವಾ ಊಟವಾದ ಕೂಡಲೇ, ಮಧ್ಯಾಹ್ನ ತೆಗೆದುಕೊಳ್ಳಿ. ಖಾಲಿ ಹೊಟ್ಟೆಗೆ ಮೀನಿನ ತೇಗು ಗ್ಯಾರಂಟಿ. ರಾತ್ರಿ ನುಂಗಿ ಮಲಗಿದರೆ ಮೊದಲೇ ಇರುವ ಎದೆಯುರಿ ಇನ್ನೂ ಕೆಡುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳನ್ನು ಒಂದೇ ಹೊತ್ತಿಗೆ ನುಂಗಬೇಡಿ ಎಂಬ ನಿಯಮ ಹಾಗೆಯೇ ಇರಲಿ. ಒಂದು ದಿನ ಮರೆತರೆ ಮರುದಿನ ಎರಡು ಬೇಡ.

ಮೀನೆಣ್ಣೆ ಬೇಗ ಕಮಟುತ್ತದೆ. ಮುಂಬಯಿ, ಪಣಜಿಯ ಮೇ ತಿಂಗಳ ಸೆಕೆಯಲ್ಲಿ, ಅದರಲ್ಲೂ ಗ್ಯಾಸ್ ಒಲೆಯ ಮೇಲಿನ ಕಪಾಟಿನಲ್ಲಿಟ್ಟರೆ ಇನ್ನೂ ಬೇಗ. ತಿಂಗಳಿಗೊಮ್ಮೆ ಒಂದು ಗುಳಿಗೆಯನ್ನು ಸೂಜಿಯಿಂದ ಚುಚ್ಚಿ ಬೆರಳಿಗೆ ಒಂದು ಹನಿ ಹಿಂಡಿಕೊಳ್ಳಿ. ತಾಜಾ ಎಣ್ಣೆ ತಿಳಿಹಳದಿ, ಸಮುದ್ರದ ತೆಳು ವಾಸನೆ. ಹಳೆಯ ಪೇಂಟಿನಂತೆ ಮೂಗಿಗೆ ಹೊಡೆದರೆ ಬಾಟಲಿಯನ್ನೇ ಎಸೆಯಿರಿ. ಗುಳಿಗೆಗಳು ಒಂದಕ್ಕೊಂದು ಅಂಟಿ ಉಂಡೆಯಾಗಿದ್ದರೂ ಸಂಶಯಪಡಿ. ದೊಡ್ಡ ಬಾಟಲಿ ಅಗ್ಗವೆಂದು ಆಸೆಪಡದೆ ಒಂದು ತಿಂಗಳಿಗಾಗುವಷ್ಟೇ ಕೊಳ್ಳಿ.

7. ತವರಿಗೆ ಹೋಗುವಾಗ

ಇದನ್ನು ಯಾವ ಆಸ್ಪತ್ರೆಯ ಹಾಳೆಯಲ್ಲೂ ಬರೆದಿರುವುದಿಲ್ಲ, ಆದರೆ ನಮ್ಮ ಜನರಲ್ಲಿ ಎಡವಟ್ಟು ಹೆಚ್ಚು ಆಗುವುದು ಇಲ್ಲೇ. ಸೀಮಂತ ಮುಗಿಸಿ ಉಡುಪಿಗೋ ಹುಬ್ಬಳ್ಳಿಗೋ ಹೋಗುತ್ತೀರಿ. ಅಲ್ಲಿನ ವೈದ್ಯರು ತಮ್ಮ ರೂಢಿಯ ಕಂಪನಿಯ ಡಿಎಚ್‌ಎ ಬರೆಯುತ್ತಾರೆ. ಇಲ್ಲಿಂದ ಕೊಂಡೊಯ್ದ ಗುಳಿಗೆಯ ಹೆಸರು ಬೇರೆ, ಬಣ್ಣ ಬೇರೆ, ಎರಡೂ ನಡೆಯುತ್ತವೆ. ಮೇಲಿಂದ ಅಮ್ಮ ಕಲಸಿಕೊಡುವ ಪುಡಿಯಲ್ಲಿ ಇನ್ನಷ್ಟು. ಹೊಸ ವೈದ್ಯರ ಮೊದಲ ಭೇಟಿಗೆ ಎಲ್ಲ ಬಾಟಲಿ, ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡೇ ಹೋಗಿ ಮೇಜಿನ ಮೇಲೆ ಸುರಿಯಿರಿ. ಹೆಸರು ಹೇಳಲು ಹೋಗಬೇಡಿ, ತೋರಿಸಿ. ಮರಾಠಿಯಲ್ಲಿ ಬರೆದ ಚೀಟಿಗಳಿದ್ದರೆ ಹೊರಡುವ ಮೊದಲೇ ಇಲ್ಲಿನ ವೈದ್ಯರಿಂದ ಇಂಗ್ಲಿಷಿನಲ್ಲಿ ಒಂದು ಸಾರಾಂಶ ಬರೆಸಿಕೊಳ್ಳಿ.

8. ಆಸ್ಪತ್ರೆಗೆ ಸೇರುವಾಗ ಮತ್ತು ಆಮೇಲೆ

ಸಿಸೇರಿಯನ್ ದಿನ ಗೊತ್ತಾಗಿದ್ದರೆ, ಬೆನ್ನಿಗೆ ಅರಿವಳಿಕೆ ಕೊಡುವ ವೈದ್ಯರಿಗೆ ಮೀನೆಣ್ಣೆಯ ವಿಷಯ ಮೊದಲೇ ತಿಳಿಸಿ. ಅವರು ಕೇಳುವುದು "ರಕ್ತ ತೆಳುಮಾಡುವ ಮದ್ದು ಏನಾದರೂ ಇದೆಯೇ" ಎಂದು. "ಅದು ಮದ್ದಲ್ಲ, ಟಾನಿಕ್" ಎಂದು ಬಹಳ ಜನ ಬಾಯಿಬಿಡುವುದಿಲ್ಲ. ಹಠಾತ್ತಾಗಿ ನೋವು ಬಂದು ಬೆಳಿಗ್ಗೆಯಷ್ಟೇ ಗುಳಿಗೆ ನುಂಗಿದ್ದರೆ ಗಾಬರಿ ಬೇಡ, ಹೇಳಿದರೆ ಸಾಕು.

ರಕ್ತಸ್ರಾವ, ನೀರು ಒಡೆಯುವುದು, ಕಣ್ಣು ಮಂಜಾಗುವಂಥ ತಲೆನೋವು, ಮಗುವಿನ ಓಡಾಟ ಕಡಿಮೆಯಾಗುವುದು: ಇವುಗಳಲ್ಲಿ ಯಾವುದು ಕಂಡರೂ ಗುಳಿಗೆಯಿಂದಲೋ ಅಲ್ಲವೋ ಎಂದು ಮನೆಯಲ್ಲಿ ಚರ್ಚೆ ಮಾಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೊರಡಿ. ಮಹಾರಾಷ್ಟ್ರ, ಗೋವಾ, ಕರ್ನಾಟಕ ಮೂರರಲ್ಲೂ ಆಂಬುಲೆನ್ಸ್ ಸಂಖ್ಯೆ 108.

ಹೆರಿಗೆಯಾದ ಮೇಲೆ ಡಿಎಚ್‌ಎ ಎದೆಹಾಲಿನ ಮೂಲಕ ಮಗುವಿಗೆ ಹೋಗುತ್ತದೆ. ಹಾಲೂಡಿಸುವಾಗ ಮತ್ತೆ ಶುರುಮಾಡಬಹುದೇ ಎಂದು ಮನೆಗೆ ಹೊರಡುವ ದಿನ ಕೇಳಿ, ಡಿಸ್ಚಾರ್ಜ್ ಹಾಳೆಯಲ್ಲಿ ಬರೆಸಿಕೊಳ್ಳಿ. ತಾಯಿಯ ಗುಳಿಗೆಯನ್ನು ಚುಚ್ಚಿ ಕೂಸಿನ ಬಾಯಿಗೆ ಹನಿ ಬಿಡಬೇಡಿ, ಎಣ್ಣೆ ಶ್ವಾಸನಾಳಕ್ಕೆ ಇಳಿಯಬಹುದು. ಕೂಸಿಗೆ ಹನಿಮದ್ದು ಬೇಕಿದ್ದರೆ ಮಕ್ಕಳ ವೈದ್ಯರು ಬರೆದುಕೊಡುತ್ತಾರೆ.